ಪಂಪಿನ ಬಾಯಿ ಮತ್ತು ಹಿತ್ತಾಳೆಯ ಫಿಟ್ಟಿಂಗು

ಹಾಸನದಲ್ಲಿ ಶ್ರೀಕಂಠಪ್ಪ ಎಂಬುವರು ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದರು. ರಾಗಿ, ಅಕ್ಕಿ, ಮೆಣಸಿನಕಾಯಿ, ಯಾರು ಏನು ತಂದರೂ ನುಣ್ಣಗೆ ಬೀಸಿಕೊಡುತ್ತಿದ್ದರು. ಅವರ ಬಾಲ್ಯದ ಗೆಳೆಯ ಧರಣೇಂದ್ರಯ್ಯನವರಿಗೆ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಕಾರು, ಲಾರಿಗಳ ಬಿಡಿಭಾಗದ ಅಂಗಡಿ. ಶಾಲೆಗೆ ಹೋಗುವ ವಯಸ್ಸಿನಲ್ಲಿ ಇಬ್ಬರೂ ಊರಿನ ಕಂಟ್ರಾಕ್ಟರೊಬ್ಬರ ಕಾರಿನ ಹಿಂದೆ ಧೂಳು ಕುಡಿಯುತ್ತಾ ಓಡಿದವರು. ಆ ಕಾರಿನೊಳಗೆ ಅವರನ್ನು ಒಂದು ದಿನವೂ ಯಾರೂ ಕೂರಿಸಿಕೊಳ್ಳಲಿಲ್ಲ.

ತಲೆ ನರೆತ ಮೇಲೆ ಆ ಆಸೆ ಮತ್ತೆ ಹುಟ್ಟಿತು. ಗುಜರಿಗೆ ಹೊರಟಿದ್ದ ಒಂದು ಹಳೆಯ ಕಾರನ್ನು ಇಬ್ಬರೂ ಸೇರಿ ಕೊಂಡರು. ಅದರ ಇಂಜಿನ್ ಕೈಕೊಟ್ಟಿತ್ತು. ಬೇರೊಂದು ಕಾರಿನ ಇಂಜಿನ್ ತಂದು ಅದರಲ್ಲಿ ಕೂರಿಸುವುದೆಂದು ತೀರ್ಮಾನಿಸಿದರು. ಷೆಡ್ಡು, ಕೆಲಸ ಶ್ರೀಕಂಠಪ್ಪನವರದು. ಸಾಮಾನು ಧರಣೇಂದ್ರಯ್ಯನವರದು. ಮೊದಲ ಸವಾರಿ ಮಾತ್ರ ಇಬ್ಬರದೂ. ಒಂದು ದಿನ ಶ್ರವಣಬೆಳಗೊಳಕ್ಕೆ, ಇನ್ನೊಂದು ದಿನ ನಂಜನಗೂಡಿಗೆ. ಎರಡೂ ಮನೆಯವರಿಗೆ ಈ ಮಾತು ಕೇಳಿ ಕೇಳಿ ಕಿವಿ ತೂತಾಗಿತ್ತು.

ಆಯುಧಪೂಜೆಯ ಹೊತ್ತಿಗೆ ಇಂಜಿನ್ ಕೂತಿತ್ತು, ಅದಕ್ಕೊಂದು ಹೊಸ ಪೆಟ್ರೋಲ್ ಪಂಪೂ ಸೇರಿತ್ತು. ಗಿರಣಿ ನಿಲ್ಲಿಸಿ, ಬೀಸುವ ಕಲ್ಲಿನಿಂದ ಹಿಡಿದು ಸ್ಪ್ಯಾನರಿನವರೆಗೆ ಎಲ್ಲವನ್ನೂ ತೊಳೆದು ಪೂಜೆ ಮಾಡಿದರು. ಶ್ರೀಕಂಠಪ್ಪನವರ ಭಕ್ತಿ ದೊಡ್ಡದು. ಗಂಧ ತೇಯ್ದು ತೇಯ್ದು ಬಟ್ಟಲು ತುಂಬಿಸಿದ್ದರು. ಬ್ಯಾಟರಿಗೆ ಗಂಧ, ಸ್ಟಿಯರಿಂಗಿಗೆ ಗಂಧ, ಇಂಜಿನ್ನಿನ ಒಂದೊಂದು ಭಾಗಕ್ಕೂ ಹೆಬ್ಬೆರಳಲ್ಲಿ ಒತ್ತಿ ಒತ್ತಿ ಗಂಧ, ಅದರ ಮೇಲೆ ಕುಂಕುಮ. ಚಕ್ರದ ಕೆಳಗೆ ನಿಂಬೆಹಣ್ಣು.

ಹಬ್ಬ ಮುಗಿದ ಮೇಲೆ ಉಳಿದದ್ದು ಒಂದೇ ಕೆಲಸ. ಟ್ಯಾಂಕಿನಿಂದ ಬರುವ ಪೆಟ್ರೋಲ್ ಪೈಪನ್ನು ಇಂಜಿನ್ನಿನ ಪಂಪಿಗೆ ಸೇರಿಸಬೇಕು. ಅದಕ್ಕೆ ಹಿತ್ತಾಳೆಯ ಒಂದು ಚಿಕ್ಕ ಫಿಟ್ಟಿಂಗು ಬೇಕು. ಅದರ ಒಂದು ತುದಿಗೆ ರಬ್ಬರ್ ಪೈಪು. ಇನ್ನೊಂದು ತುದಿಯಲ್ಲಿ ಸ್ಕ್ರೂವಿನಂತೆ ಥ್ರೆಡ್ಡು, ಅದನ್ನು ಪಂಪಿನ ಬಾಯೊಳಗೆ ತಿರುಗಿಸಿ ಕೂರಿಸಬೇಕು. ಧರಣೇಂದ್ರಯ್ಯನವರು ಅಂಗಡಿಯಲ್ಲಿ ಹುಡುಕಿ ತೆಗೆದು, "ಇದೇ ಕಣೋ, ಕಣ್ಣು ಮುಚ್ಚಿ ಹಾಕು" ಎಂದು ಕೊಟ್ಟು ಕಳಿಸಿದರು.

ಶ್ರೀಕಂಠಪ್ಪನವರು ಹಾಕಿದರು. ಫಿಟ್ಟಿಂಗು ಒಂದು ಸುತ್ತು ತಿರುಗಿತು, ನಿಂತಿತು. ಬಿಚ್ಚಿ ಮತ್ತೆ ಹಾಕಿದರು. ಮತ್ತೆ ನಿಂತಿತು. ಎಣ್ಣೆ ಬಿಟ್ಟರು. ಅದು ಜಪ್ಪಯ್ಯ ಅನ್ನಲಿಲ್ಲ. ನೇರವಾಗಿ ಅಂಗಡಿಗೆ ನಡೆದರು.

"ಧರಣಿ, ಇದು ಕೂರಲ್ಲ ಕಣೋ."

"ಕೂರುತ್ತೆ. ಅದೇ ಪಂಪಿಗೆ ಅದೇ ಫಿಟ್ಟಿಂಗು. ನಿನ್ನ ಕಡೆ ಏನಾಗಿದೆ ನೋಡ್ಕೋ."

"ನನ್ನ ಕಡೆ ಏನಾಗಿರುತ್ತೆ? ಪೂಜೆ ಮಾಡಿಟ್ಟಿರೋ ಇಂಜಿನ್ನು ಅದು!"

"ಪೂಜೆ ನಾನು ಬೇಡ ಅಂದ್ನಾ? ಪಂಪು ನೋಡು ಅಂದೆ."

ಗಿರಾಕಿಗಳ ಮುಂದೆ ಹಾಗೆಂದದ್ದು ಶ್ರೀಕಂಠಪ್ಪನವರಿಗೆ ನಾಟಿತು. "ನಿನ್ನ ಅಂಗಡೀಲಿರೋದು ಬರೀ ಹಳೇ ಸ್ಟಾಕು. ಡೂಪ್ಲಿಕೇಟ್ ಮಾಲು ಕೊಟ್ಟು ನನಗೇ ಬುದ್ಧಿ ಹೇಳ್ತೀಯಾ?" ಎಂದುಬಿಟ್ಟರು.

ಧರಣೇಂದ್ರಯ್ಯನವರ ಮುಖ ಸಣ್ಣದಾಯಿತು. "ಹಾಗಾದ್ರೆ ಬೇರೆ ಕಡೆ ಹುಡುಕ್ಕೋಪ್ಪ" ಎಂದಷ್ಟೇ ಹೇಳಿ ಒಳಗೆ ಹೋದರು. ಅವರು 'ಅಪ್ಪ' ಸೇರಿಸಿ ಮಾತಾಡುತ್ತಿದ್ದದ್ದು ಗುರುತಿಲ್ಲದ ಗಿರಾಕಿಗಳ ಜೊತೆ ಮಾತ್ರ.

ಅಂದಿನಿಂದ ಶ್ರೀಕಂಠಪ್ಪನವರ ತಿರುಗಾಟ ಶುರುವಾಯಿತು. ಪಂಪನ್ನು ಬಿಚ್ಚಿ ಜೊತೆಗೆ ಒಯ್ದಿದ್ದರೆ ಅರ್ಧ ಗಂಟೆಯ ಕೆಲಸ. ಆದರೆ ಪೂಜೆಯಾದ ಸಾಮಾನು ಬಿಚ್ಚಲು ಅವರಿಗೆ ಮನಸ್ಸು ಒಪ್ಪಲಿಲ್ಲ. ಕೂರದ ಫಿಟ್ಟಿಂಗನ್ನೇ ಜೇಬಿಗೆ ಹಾಕಿಕೊಂಡು ಹೊರಟರು.

ಮೊದಲ ಅಂಗಡಿಯವನು ಅದನ್ನು ಬೆಳಕಿಗೆ ಹಿಡಿದು, "ಇದು ಇಂಚಿನ ಥ್ರೆಡ್ಡು, ನಿಮ್ಮ ಪಂಪು ಎಂ.ಎಂ. ಇರಬೇಕು" ಎಂದ. ಎರಡನೆಯವನು, "ಎಂ.ಎಂ. ಥ್ರೆಡ್ಡೇ ಇದು, ನಿಮ್ಮ ಪಂಪು ಇಂಚಿನದಿರಬೇಕು" ಎಂದ. ಇನ್ನೊಬ್ಬ, ಎರಡೂ ಅಲ್ಲ, ತುದಿ ಸಪೂರವಾಗುತ್ತಾ ಹೋಗುವ ಬೇರೆಯೇ ಜಾತಿ ಇದೆ ಎಂದು ಹೇಳಿ, ಅದು ತನ್ನಲ್ಲಿಲ್ಲ ಎಂದೂ ಸೇರಿಸಿದ. ಶ್ರೀಕಂಠಪ್ಪನವರಿಗೆ ತಲೆ ಗಿರ್ರೆಂದಿತು. ಇಂಚು ಹೌದೋ, ಎಂ.ಎಂ. ಹೌದೋ? ಮೂವರಲ್ಲಿ ಯಾರನ್ನು ನಂಬುವುದು?

ಮೈಸೂರಿಗೆ ಹೋದರು. ಅಲ್ಲಿಯ ದೊಡ್ಡ ಅಂಗಡಿಯವರು ಇಂಜಿನ್ ಯಾವುದೆಂದು ಕೇಳಿ, ಒಳಗಿಂದ ಒಂದು ಫಿಟ್ಟಿಂಗು ತಂದು ಮುಂದಿಟ್ಟರು. ಅದು ಜೇಬಿನಲ್ಲಿದ್ದುದರ ತದ್ರೂಪು.

"ಇದು ಬೇಡ. ಇದು ಕೂರಲ್ಲ" ಎಂದರು ಶ್ರೀಕಂಠಪ್ಪ.

"ಆ ಪಂಪಿಗೆ ಇದೇ ಸಾರ್ ಬರೋದು."

"ಎಲ್ಲರೂ ಹಾಗೇ ಅಂತಾರೆ. ನನಗೆ ಇದಲ್ಲದ್ದು ಬೇಕು."

"ಇದಲ್ಲದ್ದು ಅಂದ್ರೆ ಯಾವುದು ಸಾರ್?"

"ಕೂರೋದು!"

ಅಂಗಡಿಯವರು ಇವರ ಮುಖ ನೋಡಿದರು. ಇವರು ಅವರ ಮುಖ ನೋಡಿದರು. ಕೊನೆಗೆ ಅಂಗಡಿಯವರು ನಾನಾ ಗಾತ್ರದವುಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ ಕೊಟ್ಟರು. ಬೆಂಗಳೂರಿನಿಂದ ಮತ್ತೊಂದು ಚೀಲ ಬಂತು. ಷೆಡ್ಡಿನಲ್ಲಿ ಒಂದೊಂದನ್ನೇ ಹಚ್ಚಿ ನೋಡಿದರು. ಕೆಲವು ಬಾಯಿಗೇ ಹೋಗಲಿಲ್ಲ, ಕೆಲವು ಹೋಗಿ ಲೊಡಲೊಡ ಅಲ್ಲಾಡಿದವು. ಯಾವುದನ್ನು ಹಚ್ಚಿ ನೋಡಿಯಾಯಿತು, ಯಾವುದನ್ನು ನೋಡಿಲ್ಲ ಎನ್ನುವುದೂ ಕಲಸಿಹೋಯಿತು. ಕನಸಿನಲ್ಲೂ ಹಿತ್ತಾಳೆಯ ತುಂಡುಗಳು ಉರುಳತೊಡಗಿದವು.

ಅವರ ಬಾಯಿ ಮಾತ್ರ ಗಿರಣಿಗಿಂತ ಜೋರಾಗಿ ಓಡುತ್ತಿತ್ತು. ಹಿಟ್ಟು ಬೀಸಿಸಲು ಬಂದವರೆಲ್ಲ, "ಕಾರು ಎಲ್ಲಿಗೆ ಬಂತು ಶ್ರೀಕಂಠಪ್ಪನೋರೇ?" ಎಂದು ಕೇಳುವರು. "ಎಲ್ಲಿಗೆ ಬರುತ್ತೆ? ಧರಣಿ ಕೊಟ್ಟದ್ದು ಕಳಪೆ ಮಾಲು" ಎಂದು ಇವರು ಹೇಳುವರು. ಗಿರಣಿಯೆಂದರೆ ಕೇಳಬೇಕೆ? ಹಿಟ್ಟಿನ ಡಬ್ಬಿಯ ಜೊತೆಗೆ ಆ ಮಾತೂ ಬೆಚ್ಚಗೆ ಮನೆಮನೆಗೆ ಹೋಯಿತು. ಧರಣೇಂದ್ರಯ್ಯನವರ ಖಾಯಂ ಗಿರಾಕಿಗಳಲ್ಲಿ ಕೆಲವರು ಎದುರಂಗಡಿಗೆ ಹೋಗತೊಡಗಿದರು. ದಿನಾ ಸಂಜೆ ಗಿರಣಿಯ ಬಾಗಿಲಲ್ಲಿ ನಿಂತು ಹರಟುತ್ತಿದ್ದ ಗೆಳೆಯ ಈ ಕಡೆ ಸುಳಿಯುವುದನ್ನೇ ಬಿಟ್ಟರು. ಅವರು ನಿಲ್ಲುತ್ತಿದ್ದ ಜಾಗ ನೋಡಿದಾಗಲೆಲ್ಲ ಶ್ರೀಕಂಠಪ್ಪನವರು ಮುಖ ತಿರುಗಿಸುವರು. ಅದು ಸಿಟ್ಟಿಗೋ ಸಂಕಟಕ್ಕೋ ಅವರಿಗೇ ಗೊತ್ತಾಗುತ್ತಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ತಾಳ್ಮೆ ಮುಗಿಯಿತು. ಲೊಡಲೊಡ ಅಲ್ಲಾಡುತ್ತಿದ್ದ ಒಂದು ಸಪೂರ ಫಿಟ್ಟಿಂಗು ತೆಗೆದುಕೊಂಡು ಅದಕ್ಕೆ ದಾರ ಸುತ್ತಿದರು, ಬಟ್ಟೆ ಸೋಪು ಮೆತ್ತಿದರು, ಪಂಪಿನ ಬಾಯಿಗೆ ತುರುಕಿದರು. ಟ್ಯಾಂಕು ಇನ್ನೂ ಖಾಲಿಯಿದ್ದುದರಿಂದ ಬಾನೆಟ್ಟಿನ ಕೊಕ್ಕೆಗೆ ಪೆಟ್ರೋಲಿನ ಡಬ್ಬಿ ತೂಗುಹಾಕಿ ಪೈಪು ಸೇರಿಸಿದರು. ಹೆಂಡತಿ ಗಿರಿಜಮ್ಮನವರನ್ನು ಕೂಗಿ, "ಇವತ್ತು ಸ್ಟಾರ್ಟ್ ಮಾಡೇ ತೀರ್ತೀನಿ ಕಣೇ, ಆರತಿ ತಗೊಂಡು ಬಾ" ಎಂದರು.

"ಧರಣಣ್ಣನ್ನ ಕರೀಲಿಲ್ವಾ?"

"ಅವನ್ಯಾಕೆ?"

ಗಿರಿಜಮ್ಮನವರು ಆರತಿ ತರಲು ಒಳಗೆ ಹೋದರು. ಶ್ರೀಕಂಠಪ್ಪನವರು ಕೀ ತಿರುಗಿಸಿದರು. ಇಂಜಿನ್ ಕೆಮ್ಮಿತು, ಗುರ್ರೆಂದಿತು, ಹತ್ತಿಕೊಂಡಿತು! ಆ ಸದ್ದಿಗೆ ಅವರ ಎದೆ ಉಬ್ಬಿತು. ಕೆಳಗಿಳಿದು ಬಾನೆಟ್ಟಿನ ಬಳಿ ಬಂದರು. ಗಪ್ಪನೆ ಪೆಟ್ರೋಲ್ ವಾಸನೆ ಹೊಡೆಯಿತು. ಬಗ್ಗಿ ನೋಡಿದರೆ ಪಂಪಿನ ಬಾಯಿಂದ ಪೆಟ್ರೋಲ್ ತೊಟ್ಟಿಕ್ಕುತ್ತಾ ನೆಲದಲ್ಲಿ ಹರಿಯುತ್ತಿದೆ. ತಲೆಯೆತ್ತಿದರೆ ಗಿರಿಜಮ್ಮ ಉರಿಯುವ ಕರ್ಪೂರದ ತಟ್ಟೆ ಹಿಡಿದು ಷೆಡ್ಡಿನ ಬಾಗಿಲವರೆಗೆ ಬಂದಿದ್ದಾರೆ.

"ಬರಬೇಡ! ಹಿಂದೆ ಹೋಗೇ!"

ಅಂಥ ಕೂಗನ್ನು ಗಿರಿಜಮ್ಮ ಎಂದೂ ಕೇಳಿರಲಿಲ್ಲ. ಹಿಂದೆ ಸರಿದು ಓಡಿ ತಟ್ಟೆಯನ್ನು ಹಿತ್ತಲಿನ ನೀರಿನ ತೊಟ್ಟಿಗೆ ಅದ್ದಿಬಿಟ್ಟರು. ಚುಂಯ್ ಎಂದಿತು. ಶ್ರೀಕಂಠಪ್ಪನವರು ಇಂಜಿನ್ ಆರಿಸಿ, ಡಬ್ಬಿ ಇಳಿಸಿ, ಹೊರಗೆ ಬಂದು ಕಟ್ಟೆಯ ಮೇಲೆ ಕುಸಿದರು. 

"ಇನ್ನೊಂದು ಹೆಜ್ಜೆ ಇಟ್ಟಿದ್ರೆ ನೀನು..." ಎಂದರು.

"ನನಗೇನೂ ಆಗ್ಲಿಲ್ವಲ್ಲ ಬಿಡಿ" ಎಂದರು ಗಿರಿಜಮ್ಮ. 

ವಾಸನೆ ಪೂರ್ತಿ ಹೋದ ಮೇಲೆ ಶ್ರೀಕಂಠಪ್ಪನವರು ನೆಲ ಒರೆಸಲು ಹೋದರು. ನೆಲದ ಮೇಲಿನ ಕಲೆ ಕೆಂಪಗಿತ್ತು. ಪೆಟ್ರೋಲ್ ಕೆಂಪಗಾಗುವುದುಂಟೇ? ತುಕ್ಕಿರಬಹುದೇ? ಹೊಸ ಪಂಪಿಗೆ ಎಲ್ಲಿಯ ತುಕ್ಕು? ಬೆರಳಲ್ಲಿ ಉಜ್ಜಿ ಮೂಸಿದರು. ಪೆಟ್ರೋಲಿನ ನಡುವೆ ಸಣ್ಣಗೆ ಗಂಧದ ವಾಸನೆ. ಮೊದಲು ಏನೂ ಹೊಳೆಯಲಿಲ್ಲ. ಆಮೇಲೆ ಪಂಪಿನ ಬಾಯಿಂದ ಫಿಟ್ಟಿಂಗು ಕಿತ್ತು, ಟಾರ್ಚು ಹಿಡಿದು ಒಳಗೆ ನೋಡಿದರು. ಥ್ರೆಡ್ಡಿನ ಸಂದುಗಳ ತುಂಬ ಒಣಗಿ ಕಲ್ಲಾದ ಗಂಧ, ಕುಂಕುಮ. ಪೂಜೆಯ ದಿನ ಹೆಬ್ಬೆರಳಲ್ಲಿ ಒತ್ತಿ ಒತ್ತಿ ಮೆತ್ತಿದವರು ಸ್ವತಃ ಅವರೇ.

ಹಳೆಯ ಹಲ್ಲುಜ್ಜುವ ಬ್ರಷ್ಷು ತಂದು ತಿಕ್ಕಿದರು. ಎಲ್ಲ ಶುದ್ಧವಾದ ಮೇಲೆ ಧರಣೇಂದ್ರಯ್ಯ ಕೊಟ್ಟಿದ್ದ ಫಿಟ್ಟಿಂಗನ್ನು ಜೇಬಿನಿಂದ ತೆಗೆದು ಹಚ್ಚಿದರು. ಸ್ಪ್ಯಾನರೇ ಬೇಕಾಗಲಿಲ್ಲ. ಬೆರಳಲ್ಲೇ ಸರಸರ ತಿರುಗಿ ತಳದವರೆಗೆ ಹೋಗಿ ಕೂತಿತು. ಶ್ರೀಕಂಠಪ್ಪನವರಿಗೆ ಸಂತೋಷವಾಗಲಿಲ್ಲ, ನಾಚಿಕೆಯಾಯಿತು. ಇಷ್ಟು ದಿನ ಸರಿಯಾದದ್ದನ್ನೇ ಜೇಬಿನಲ್ಲಿಟ್ಟುಕೊಂಡು ಊರೂರು ಅಲೆದು, ಇದು ತಪ್ಪು ಎಂದು ಸಾರಿದ್ದರು.

ಸ್ಪ್ಯಾನರಿನಲ್ಲಿ ಬಿಗಿ ಮಾಡಿ, ಡಬ್ಬಿಯ ಪೆಟ್ರೋಲನ್ನು ಟ್ಯಾಂಕಿಗೆ ಸುರಿದು, ಟ್ಯಾಂಕಿನ ಪೈಪು ಸೇರಿಸಿ, ಮತ್ತೆ ಸ್ಟಾರ್ಟ್ ಮಾಡಿದರು. ಒಂದು ಹನಿಯೂ ಸೋರಲಿಲ್ಲ.

ಈಗ ಇನ್ನೊಂದು ಗೊಂದಲ ತಲೆಗೆ ಬಂತು. ಬೆಂಗಳೂರಿನಿಂದ ತಂದ ಫಿಟ್ಟಿಂಗು ಕೂತಿತು ಎಂದುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಹೊರಗಿನಿಂದ ನೋಡಿದರೆ ಎಲ್ಲ ಹಿತ್ತಾಳೆಯೂ ಒಂದೇ. ಮರ್ಯಾದೆ ಉಳಿಯುತ್ತದೆ. ಆದರೆ ಧರಣಿಯ ಮರ್ಯಾದೆ? ಅದನ್ನು ತಾನೇ ಹಿಟ್ಟಿನ ಜೊತೆ ಬೀಸಿ ಊರಿಗೆಲ್ಲ ಹಂಚಿಯಾಗಿದೆ. ಕಟ್ಟೆಯ ಮೇಲೆ ಎದ್ದರು, ಕೂತರು, ಮತ್ತೆ ಎದ್ದರು. ಕೊನೆಗೆ ಚಪ್ಪಲಿ ಮೆಟ್ಟಿ ಹೊರಟರು.

ಅಂಗಡಿಯಲ್ಲಿ ಗಿರಾಕಿಗಳಿದ್ದರು. ಅವರು ಹೋಗಲಿ ಎಂದು ಕಾಯುವ ಮನಸ್ಸಾಯಿತು. ಆದರೆ ಬೈದದ್ದು ಗಿರಾಕಿಗಳ ಮುಂದೆ, ಈಗ ಹೇಳುವುದು ಮರೆಯಲ್ಲೇ?

"ಧರಣಿ, ನೀನು ಕೊಟ್ಟ ಫಿಟ್ಟಿಂಗು ಸರಿಯಾಗಿತ್ತು. ಪಂಪಿನ ಬಾಯಿಗೆ ಗಂಧ ಮೆತ್ತಿದ್ದು ನಾನು. ನಿನ್ನ ಮಾಲು ಕಳಪೆ ಅಂತ ಊರಿಗೆಲ್ಲ ಹೇಳ್ದೆ, ಅದು ಸುಳ್ಳು. ಗಿರಣಿಗೆ ಬರೋರಿಗೆಲ್ಲ ಇನ್ನು ಇದನ್ನೇ ಹೇಳ್ತೀನಿ."

 ಧರಣೇಂದ್ರಯ್ಯನವರು ತಲೆಯೆತ್ತದೆ ಕೈಯಲ್ಲಿದ್ದ ಬೇರಿಂಗನ್ನು ಕಾಗದದಲ್ಲಿ ಸುತ್ತಿ ಗಿರಾಕಿಗೆ ಕೊಟ್ಟು ಕಳಿಸಿದರು. ಆಮೇಲೆ ಕೇಳಿದರು:

"ಬೈದಿದ್ದು ಹಾಳಾಗಿ ಹೋಗ್ಲಿ. 'ಒಂದ್ಸಲ ಬಂದು ನೋಡೋ' ಅಂತ ಯಾಕೆ ಕರೀಲಿಲ್ಲ? ಷೆಡ್ಡು ನಿಂದಾದ್ರೆ ಕಾರು ನಂದೂ ಅಲ್ವಾ?"

ಶ್ರೀಕಂಠಪ್ಪನವರು ತಲೆ ತಗ್ಗಿಸಿ ನಿಂತರು.

"ಹೋಗ್ಲಿ, ಸ್ಟಾರ್ಟ್ ಆಯ್ತಾ?"

"ಆಯ್ತು. ಒಳ್ಳೆ ಬೆಣ್ಣೆ ಹಾಗೆ ಓಡ್ತಿದೆ."

"ಮತ್ತೆ ಇಲ್ಲಿಗೆ ಹೇಗೆ ಬಂದೆ?"

"ನಡ್ಕೊಂಡು ಬಂದೆ. ಒಬ್ಬನೇ ಅದರಲ್ಲಿ ಕೂರೋಕೆ ಆಗ್ಲಿಲ್ಲ ಕಣೋ."

ಧರಣೇಂದ್ರಯ್ಯನವರು ಗೆಳೆಯನ ಧೂಳು ಹಿಡಿದ ಕಾಲುಗಳನ್ನೇ ನೋಡಿದರು. ಆಮೇಲೆ ಹಾಡುಹಗಲಲ್ಲೇ ಅಂಗಡಿಯ ಷಟರ್ ಎಳೆದು ಬೀಗ ಹಾಕಿ, "ನಡಿ" ಎಂದರು.

ನೀತಿ: ಎರಡು ತುದಿಗಳು ಕೂಡದಿದ್ದಾಗ ಎದುರಿನದನ್ನು ತಪ್ಪೆನ್ನುವ ಮೊದಲು ನಮ್ಮ ಕಡೆಯದನ್ನು ಒರೆಸಿ ನೋಡಬೇಕು. ಕೈಮುಗಿದು ಇಟ್ಟುಕೊಂಡ ಮಾತ್ರಕ್ಕೆ ನಮ್ಮ ವಸ್ತುವಾಗಲಿ ನಮ್ಮ ಅಭಿಪ್ರಾಯವಾಗಲಿ ಪರೀಕ್ಷೆಗೆ ಮೀರಿದ್ದಾಗುವುದಿಲ್ಲ. ತಪ್ಪು ನಮ್ಮದೆಂದು ತಿಳಿದ ದಿನ, ಎಷ್ಟು ಜನರ ಮುಂದೆ ದೂರಿದ್ದೆವೋ ಅಷ್ಟು ಜನರ ಮುಂದೆಯೇ ಅದನ್ನು ಒಪ್ಪಿಕೊಳ್ಳಬೇಕು.