ಜಾಗ ತಪ್ಪಿದ ಉಪ್ಪಿನ ಜಾಡಿ

"ಬುದ್ಧೀ, ಮರೆತೆ ಎನ್ನುವವನು ನಿಜವಾಗಿಯೂ ಮರೆತಿದ್ದಾನೋ, ಮರೆತಂತೆ ನಟಿಸುತ್ತಿದ್ದಾನೋ ಎಂದು ಪರೀಕ್ಷಿಸುವುದು ಹೇಗೆ?" ಎಂದು ಶಿಷ್ಯ ಚೆನ್ನಯ್ಯ ಕೇಳಿದ.

ಗುರುಗಳು ಕ್ಯಾನ್ಸರಿಗೆ ಕೀಮೋ ಚಿಕಿತ್ಸೆ ಮುಗಿಸಿಕೊಂಡು ಮಠಕ್ಕೆ ಮರಳಿದ್ದರು. ರೋಗ ವಾಸಿಯಾಗಿತ್ತು. ಆದರೆ ಪಾಠ ಹೇಳುವಾಗ ಮರೆತೆ ಎಂದು ನಡುವೆಯೇ ನಿಂತುಬಿಡುತ್ತಿದ್ದರು. ತನಗೆ ಹೇಳಬೇಕಾದುದನ್ನು ಬೇಕೆಂದೇ ಮುಚ್ಚಿಡುತ್ತಿದ್ದಾರೆ ಎಂಬ ಸಂಶಯ ಚೆನ್ನಯ್ಯನನ್ನು ಕೊರೆಯುತ್ತಿತ್ತು. ಗುರುಗಳು ದಿನವೂ ಕನ್ನಡಕ ಇಡುತ್ತಿದ್ದ ಗೋಡೆಯ ಗೂಡಿನಲ್ಲಿ ಅದಕ್ಕಾಗಿ ಕೈಯಾಡಿಸಿದರು. ಸಿಗಲಿಲ್ಲ. ಬಂದು ಕುಳಿತು ಹೇಳತೊಡಗಿದರು.

ಒಬ್ಬ ವರ್ತಕನಿದ್ದ. ಮೂಟೆಯ ತಳದವರೆಗೆ ಕೈ ಹಾಕಿ ನೋಡದೆ ಒಂದು ಸೇರು ಕಡಲೆಯನ್ನೂ ಕೊಳ್ಳುವವನಲ್ಲ. ದೇವರೇ ಎದುರು ಬಂದು ಪ್ರಸಾದ ಕೊಟ್ಟರೂ ಮೂಸಿ ನೋಡಿ ಬಾಯಿಗೆ ಹಾಕುವ ಆಸಾಮಿ.

ಅವನ ಹೆಂಡತಿಗೆ ಸ್ತನದಲ್ಲಿ ಕ್ಯಾನ್ಸರ್ ಆಯಿತು. ಸೂಜಿ ಚುಚ್ಚಿ ನರಕ್ಕೆ ಮದ್ದು ಹರಿಸಿದರು. ಕೂದಲು ಉದುರಿತು, ಗಂಟು ಕರಗಿತು, ಕೂದಲು ಮತ್ತೆ ಬಂತು. ವರ್ತಕ ಬೀದಿಗೆಲ್ಲ ಸಿಹಿ ಹಂಚಿದ. ಆದರೆ ಆಕೆ ಒಲೆಯ ಮೇಲೆ ಹಾಲಿಟ್ಟು ಮರೆಯುತ್ತಿದ್ದಳು. ಜರಡಿ ಎಂಬ ಮಾತು ನಾಲಗೆಗೆ ಬಾರದೆ, "ಹಿಟ್ಟು ಸೋಸ್ತೀವಲ್ಲ, ಅದು ಕೊಡಿ" ಎನ್ನುತ್ತಿದ್ದಳು. ಮದ್ದಿನ ಪ್ರಭಾವ ಮಿದುಳಿಗೂ ತಟ್ಟುವುದುಂಟು, ತಾಳ್ಮೆ ಇರಲಿ ಎಂದು ವೈದ್ಯರು ಹೇಳಿದ್ದರು. ವರ್ತಕ ನಂಬಲಿಲ್ಲ. ರೋಗ ಎದೆಯಲ್ಲಿ, ಮದ್ದು ಹಾಕಿದ್ದು ತೋಳಿಗೆ, ತಲೆಗೇನು ಕೇಡು? ತವರಿನ ಹಾಡೆಲ್ಲ ನೆನಪಿದೆ, ನಾನು ಬೆಳಿಗ್ಗೆ ಹೇಳಿದ್ದು ಮಾತ್ರ ನೆನಪಿಲ್ಲ! ಇದು ಕೆಲಸಗಳ್ಳತನವಲ್ಲದೆ ಮತ್ತೇನು ಎಂದುಕೊಂಡ.

ಪರೀಕ್ಷೆಗೆ ಇಳಿದ. ಒಲೆಯ ಎಡಕ್ಕಿದ್ದ ಉಪ್ಪಿನ ಜಾಡಿಯನ್ನು ಅಕ್ಕಿ ಡಬ್ಬದ ಹಿಂದಿಟ್ಟು ಬಾಗಿಲ ಮರೆಯಲ್ಲಿ ನಿಂತ. ನಟಿಸುವವಳಾದರೆ ಜಾಡಿಯ ಜಾಗ ನೆನಪಿರುತ್ತದೆ, ಯಾರು ತೆಗೆದರೆಂದು ಕೂಗಾಡುತ್ತಾಳೆ, ಸಿಕ್ಕಿಬೀಳುತ್ತಾಳೆ ಎಂದು ಅವನ ಲೆಕ್ಕಾಚಾರ. ಆಕೆ ಎಡಕ್ಕೆ ಕೈ ಚಾಚಿದಳು. ಬರಿಗೈಯನ್ನು ನೋಡಿಕೊಂಡಳು. ಯಾರನ್ನೂ ಕೇಳಲಿಲ್ಲ. ಸುಮ್ಮನಿರುವುದೂ ನಾಟಕವೇ ಇರಬೇಕು ಎಂದು ವರ್ತಕ ಮರುದಿನ ಬೀಗದ ಕೈ ಗೊಂಚಲನ್ನು ಮೊಳೆಯಿಂದ ತೆಗೆದು ಹಾಸಿಗೆಯಡಿ ಸೇರಿಸಿದ. ಆಮೇಲೆ ಅವಳ ಮಾತ್ರೆಯ ಡಬ್ಬಿ. ಪಾಪಿ, ಅದನ್ನೂ ಬಿಡಲಿಲ್ಲ.

ಒಂದು ದಿನ ಆಕೆ ಹಾಸಿಗೆಯಡಿ ಸಿಕ್ಕಿದ ಗೊಂಚಲನ್ನು ತಂದು ಗಂಡನ ಮುಂದಿಟ್ಟಳು.

"ಇನ್ನು ಮನೆ ನೀವೇ ನೋಡ್ಕೊಳ್ಳಿ. ನನ್ನ ಕೈಲಿ ಆಗಲ್ಲ."

"ಇಷ್ಟು ದಿನ ಹೇಗೋ ನಡೆಸ್ತಿದ್ದೆಯಲ್ಲ?"

"ತಲೆ ಮರೆತ್ರೂ ಕೈ ಮರೀಬಾರದು ಅಂತ ಒಂದೊಂದನ್ನೂ ಅದರದರ ಜಾಗದಲ್ಲೇ ಇಡ್ತಿದ್ದೆ. ಕೈಗೆ ರೂಢಿ ಆಗಿತ್ತು. ಈಗ ಕೈಯೂ ಮರೀತಿದೆ ರೀ. ಹುಚ್ಚಿ ಆಗ್ತಿದೀನೇನೋ ಅಂತ ಭಯ ಆಗತ್ತೆ."

ಸಾವಿನ ಬಾಯಿಂದ ಪಾರಾಗಿ ಬಂದವಳು ಕಟ್ಟಿಕೊಂಡಿದ್ದ ಒಂದೇ ಆಸರೆಯನ್ನು ಕಿತ್ತವನು ತಾನೇ ಎಂದು ವರ್ತಕನಿಗೆ ತಿಳಿಯಿತು.

ಗುರುಗಳು ಮಾತು ನಿಲ್ಲಿಸಿದರು. ಚೆನ್ನಯ್ಯ ತಲೆ ಎತ್ತದೆ ಕೇಳಿದ: "ಬುದ್ಧೀ, ವರ್ತಕ ಅವಳಿಗೆ ನಿಜ ಹೇಳಿದನೇ?"

"ನನ್ನ ಕನ್ನಡಕ ಗೂಡಿಗೆ ಮರಳಿದ ದಿನ ಅದು ತಿಳಿಯುತ್ತದೆ."