ಮಡಕೆಯಲ್ಲಿ ಉಳಿದ ಬೀಜ

ಹೊಳೆದಂಡೆಯ ಆಶ್ರಮ. ಗುರುಗಳಿಗೆ ಐವರು ಶಿಷ್ಯರು. ಹುಣ್ಣಿಮೆಗೊಮ್ಮೆ ಗುರುಗಳು ಆಚೆ ದಡದ ಊರಿಗೆ ಹೋಗುವರು. ಹರಿಗೋಲಿನಲ್ಲಿ ಅವರ ಜೊತೆಗೆ ಒಬ್ಬನಿಗೆ ಮಾತ್ರ ಜಾಗ.

ಆ ಒಬ್ಬ ಯಾರೆನ್ನುವುದನ್ನು ಮಡಕೆ ಹೇಳುತ್ತಿತ್ತು. ಮಡಕೆಯೊಳಗೆ ಐದು ಹುಣಸೆ ಬೀಜ, ಒಂದಕ್ಕೆ ಸುಣ್ಣದ ಬೊಟ್ಟು. ನೋಡದೆ ಕೈಹಾಕಿ ಒಬ್ಬೊಬ್ಬರು ಒಂದೊಂದು ಎತ್ತಬೇಕು. ಬೊಟ್ಟಿನ ಬೀಜ ಸಿಕ್ಕವನು ಹರಿಗೋಲು ಹತ್ತಬೇಕು.

ಈ ಸಲ ಐವರಲ್ಲಿ ಒಬ್ಬನಾದ ಹೊನ್ನಪ್ಪನಿಗೆ ನಿಂತಲ್ಲಿ ನಿಲ್ಲಲಾಗದು. ಆಚೆ ಊರಿನಲ್ಲಿ ಅವನ ಅಕ್ಕ ಹೆತ್ತಿದ್ದಳು. ಸೋದರಮಾವ ಅನ್ನಿಸಿಕೊಂಡವನು ಕೂಸಿನ ಮುಖ ನೋಡದೆ ಇರುವುದು ಹೇಗೆ?

ಎಲ್ಲರಿಗಿಂತ ಮುಂಚೆ ಓಡಿ ಬಂದ. "ಗುರುಗಳೇ, ಮೊದಲು ನಾನು."

"ಕರು ಕಟ್ಟಿದೆಯೇನೋ?"

ಕರು ಕಟ್ಟುವ ಕೆಲಸ ಅವನದೇ. ಹೊನ್ನಪ್ಪ ತಲೆ ಕೆರೆದುಕೊಂಡ. "ಆಮೇಲೆ ಕಟ್ಟಿದರಾಯಿತು ಅಂತ..."

"ಕಟ್ಟಿ ಬಾ."

ಆ ಕರುವೋ, ಮಹಾ ತುಂಟ. ಬಾಲ ಎತ್ತಿಕೊಂಡು ಹಿತ್ತಿಲೆಲ್ಲ ಸುತ್ತಿಸಿತು. ಅದನ್ನು ಗೂಟಕ್ಕೆ ಕಟ್ಟಿ ಏದುಸಿರು ಬಿಡುತ್ತ ಬರುವಷ್ಟರಲ್ಲಿ ಉಳಿದ ನಾಲ್ವರೂ ಬೀಜ ಎತ್ತಿ ಮುಷ್ಟಿ ಕಟ್ಟಿ ಕೂತಿದ್ದರು. ಬಿಚ್ಚಬಾರದೆಂದು ಗುರುಗಳ ಅಪ್ಪಣೆ.

ಹೊನ್ನಪ್ಪನ ಮುಖ ಊದಿಕೊಂಡಿತು.

"ಮೊದಲು ಎತ್ತಿದವನ ಎದುರು ಐದೂ ಇದ್ದವು. ನನಗೆ ಉಳಿದಿರೋದು ಒಂದು. ಎಲ್ಲರೂ ಉಂಡ ಮೇಲೆ ತಳ ಕೆರೆಯೋದು ನನ್ನ ಹಣೆಬರಹ."

"ಎತ್ತಿಕೋ. ಮುಷ್ಟಿ ಬಿಚ್ಚಬೇಡ."

ಎತ್ತಿಕೊಂಡ.

"ಮೊದಲು ಎತ್ತಿದವನು ನರಹರಿ," ಎಂದರು ಗುರುಗಳು. "ಅವನದೇ ಮೇಲು ಅಂತೀಯಲ್ಲ, ಬದಲಾಯಿಸಿಕೋ."

ನರಹರಿ ಮುಷ್ಟಿ ಮುಂದೆ ಚಾಚಿದ. ಹೊನ್ನಪ್ಪನೂ ಕೈ ಚಾಚಿದ, ಅರ್ಧಕ್ಕೇ ನಿಲ್ಲಿಸಿದ. ಆ ಮುಷ್ಟಿ ನೋಡಿದ, ತನ್ನದನ್ನು ನೋಡಿದ. ಬೊಟ್ಟಿನ ಬೀಜ ತನ್ನ ಕೈಯಲ್ಲೇ ಇದ್ದರೆ?

"ಬೇಡ ಗುರುಗಳೇ."

"ಯಾಕೋ?"

"ಐದು ಮುಷ್ಟಿ, ಒಂದು ಬೊಟ್ಟು. ಅವನಿಗೆಷ್ಟೋ ನನಗೂ ಅಷ್ಟೇ."

"ತಡವಾಗಿ ಬಂದೆಯಲ್ಲ, ನಿನ್ನ ಪಾಲು ಕಡಿಮೆಯಾಗಲಿಲ್ಲವೇ?"

ಹೊನ್ನಪ್ಪ ಐದೂ ಮುಷ್ಟಿಗಳನ್ನು ಒಂದೊಂದಾಗಿ ಎಣಿಸಿದ. "ಇಲ್ಲ," ಎಂದ.

ಗುರುಗಳು ಸನ್ನೆ ಮಾಡಿದರು. ನರಹರಿ ಮುಷ್ಟಿ ಬಿಚ್ಚಿದ. ಬೊಟ್ಟಿಲ್ಲ. ಎರಡನೆಯವನದಕ್ಕೂ ಇಲ್ಲ. ಮೂರನೆಯವನದಕ್ಕೂ ಇಲ್ಲ. ಹೊನ್ನಪ್ಪ ಒಂದು ಹೆಜ್ಜೆ ಮುಂದೆ ಬಂದ.

"ಈಗ ನಿನ್ನ ಕೈಯೊಳಗಿನ ಬೀಜ ಬದಲಾಯಿತೇನು?"

"ಬೀಜ ಇದ್ದ ಹಾಗೇ ಇದೆ. ಆಸೆ ಮಾತ್ರ ಬೆಳೀತಿದೆ ಗುರುಗಳೇ. ಆಗ ಐದರಲ್ಲಿ ಒಂದು, ಈಗ ಎರಡರಲ್ಲಿ ಒಂದು."

"ಅದು ಅವರ ಕೈ ನೋಡಿದ್ದರಿಂದ. ನೀನು ಕೊನೆಗೆ ಬಂದದ್ದರಿಂದ ಅಲ್ಲ."

ಹೊನ್ನಪ್ಪ ಹೂಂ ಎಂದನೇನೋ ನಿಜ, ಅವನ ಕಣ್ಣು ಮಾತ್ರ ನಾಲ್ಕನೆಯ ಮುಷ್ಟಿಯ ಮೇಲಿತ್ತು.

ಅದೂ ಬಿಚ್ಚಿಕೊಂಡಿತು. ಬೊಟ್ಟಿಲ್ಲ.

ತನ್ನದನ್ನು ಬಿಚ್ಚುವ ಮೊದಲೇ ಹೊನ್ನಪ್ಪ ಕುಣಿದಾಡಿಬಿಟ್ಟ. ಬಿಚ್ಚಿ ನೋಡಿದರೆ ಬೆವರಿಗೆ ಸುಣ್ಣ ಕರಗಿ ಅಂಗೈಯೆಲ್ಲ ಬೆಳ್ಳಗಾಗಿತ್ತು. ಅದೇ ಕೈಯಲ್ಲಿ ಗುರುಗಳ ಕಾಲು ಮುಟ್ಟಿದ.

"ಚೆನ್ನಾಗಿ ತಿಳೀತು ಗುರುಗಳೇ. ಇನ್ನು ಮೇಲೆ ನಾನು ಯಾವಾಗಲೂ ಕೊನೆಗೇ ಬರ್ತೀನಿ."

"ನಾವೂ," ಎಂದರು ಉಳಿದ ನಾಲ್ವರು.

ಗುರುಗಳು ನಗುತ್ತ ಹರಿಗೋಲಿಗೆ ಕಾಲಿಟ್ಟರು.

"ಮೊದಲಾದರೂ ಬಾ, ಕೊನೆಗಾದರೂ ಬಾ. ಕರು ಕಟ್ಟಿ ಬಾ."