ಗೀಜಗನ ಅರ್ಧ ಗೂಡುಗಳು

ಲೋಕ ಇನ್ನೂ ಹೊಸದಾಗಿದ್ದ ಕಾಲ, ಮಗೂ. ಗಾಳಿಗೆ ಮೆಲ್ಲಗೆ ಬೀಸುವುದು ರೂಢಿಯಾಗಿರಲಿಲ್ಲ. ಹೊಳೆಗೆ ಮಾತು ಜಾಸ್ತಿ. ಆ ಹೊಳೆಯ ಮೇಲೆ ಬಾಗಿದ ಜಾಲಿ ಮರದಲ್ಲಿ ಒಂದು ಗೀಜಗ ಗೂಡು ಕಟ್ಟುತ್ತಿತ್ತು.

ಗೀಜಗನಿಗೆ ತನ್ನ ಗೂಡಿನ ಕೊಳವೆಯ ಮೇಲೆ ಬಲು ಹೆಮ್ಮೆ. ಗೂಡಿನೊಳಗೆ ಹೋಗಲು ಕೆಳಕ್ಕೆ ಇಳಿಬಿಟ್ಟ ದಾರಿ ಅದು. ಹುಲ್ಲಿನ ಒಂದೊಂದು ಎಳೆಯನ್ನೂ ನಾಜೂಕಾಗಿ ನೇಯುತ್ತಿತ್ತು. ಮೈನಾಗಳು ಬಂದು ನೋಡಿ ಹೊಗಳುತ್ತಿದ್ದವು. ಹೊಗಳಿದಷ್ಟೂ ಕೊಳವೆ ಉದ್ದವಾಗುತ್ತಿತ್ತು!

"ರೀ, ಮಳೆ ಹತ್ತಿರ ಬಂತು. ನಾನು ಮೊಟ್ಟೆ ಇಡೋದು ಎಲ್ಲಿ?" ಎಂದು ಹೆಣ್ಣು ಗೀಜಗ ಕೇಳಿತು.

"ಇದೋ, ಇನ್ನೊಂದು ಚೂರು ಕೊಳವೆ ಅಷ್ಟೇ."

ಅಷ್ಟರಲ್ಲಿ ಗಾಳಿ ಬಂತು. ಗೂಡು ಕಳಚಿ ಹೊಳೆಗೆ ಬಿದ್ದು ತೇಲಿ ಹೋಯಿತು. ಗೀಜಗ ಮತ್ತೆ ಕಟ್ಟಿತು, ಕೊಳವೆ ಇನ್ನೂ ಚೆಂದ. ಮತ್ತೆ ಗಾಳಿ ಬಂತು, ಮತ್ತೆ ಬಿತ್ತು. ಪಾಪ, ಹೆಣ್ಣು ಗೀಜಗ ಬೈಯಲಿಲ್ಲ. ಮೋಡ ನೋಡುತ್ತಾ ಕೂತಿತ್ತು. ಅದನ್ನು ನೋಡಿ ಗೀಜಗನಿಗೆ ಅಳುವೇ ಬಂತು.

ಹೊಳೆಯ ಕರುಳು ಚುರ್ ಎಂದಿತು. "ತಮ್ಮಾ, ನಿನ್ನ ಗೂಡೆಲ್ಲ ನನ್ನ ಮೇಲೇ ತೇಲಿ ಹೋಗಿದ್ದು. ಒಂದರ ಕೊಳವೆಯೂ ಹರಿದಿರಲಿಲ್ಲ. ಕೊಂಬೆಗೆ ಹಾಕಿದ ಗಂಟೇ ಬಿಚ್ಚಿಹೋಗಿತ್ತು."

"ಗಂಟು ಹಾಕೋದು ನನಗೆ ಬರಲ್ಲ, ಹೊಳೆಯಕ್ಕಾ. ಅದಕ್ಕೇ ಹೇಗೋ ಸುತ್ತಿ ಬೇಗ ಕೊಳವೆಗೆ ಹೋಗಿಬಿಡ್ತೀನಿ."

"ಬರೋದನ್ನೇ ಎಷ್ಟು ಸಲ ಕಲೀತೀಯ? ಬರದೇ ಇರೋ ಗಂಟು ಕಲಿ."

ಆಮೇಲೆ ಗೀಜಗ ಕೊಳವೆಯ ತಂಟೆಗೇ ಹೋಗಲಿಲ್ಲ. ಕೊಂಬೆಗೆ ಬರೀ ಗಂಟು ಹಾಕಿತು. "ಎಳಿ, ಗಾಳಿಯಣ್ಣಾ" ಎಂದಿತು. ಬಿಚ್ಚಿಹೋಯಿತು. ಇನ್ನೊಂದು ಹಾಕಿತು. "ಎಳಿ, ಗಾಳಿಯಣ್ಣಾ." ಅದೂ ಬಿಚ್ಚಿಹೋಯಿತು. "ಇವನಿಗೆ ಹುಚ್ಚು ಹಿಡಿದಿದೆ" ಎಂದು ಮೈನಾಗಳು ನಕ್ಕವು. ನಗಲಿ ಬಿಡು. ಹಾಕುತ್ತಾ ಹಾಕುತ್ತಾ ಒಂದು ಗಂಟು ಗಾಳಿಗೆ ಜಗ್ಗಲಿಲ್ಲ. ಅದರ ಕೆಳಗೆ ಅರ್ಧ ಗೂಡು ಕಟ್ಟಿ ಹೆಂಡತಿಯನ್ನು ಕರೆಯಿತು. ಅವಳು ಕೂತು ಜೋರಾಗಿ ಜೀಕಿದಳು. ಗಂಟು ಒಂದು ಕಡೆ ಸಡಿಲವಾಯಿತು. ಆ ಅರ್ಧ ಗೂಡನ್ನು ಅಲ್ಲೇ ಬಿಟ್ಟು ಪಕ್ಕದ ಕೊಂಬೆಯಲ್ಲಿ ಮತ್ತೆ ಶುರುಮಾಡಿತು. ಅಲ್ಲಿ ಅವಳು ಜೀಕಿದಾಗ ಕೊಂಬೆ ಬಾಗಿತು, ಗಂಟು ಮಾತ್ರ ಅಲ್ಲಾಡಲಿಲ್ಲ.

ಕೊಳವೆಗೆ ಹೊತ್ತು ಸಾಲಲಿಲ್ಲ. ಗಿಡ್ಡವಾಯಿತು, ಸ್ವಲ್ಪ ಸೊಟ್ಟವೂ ಆಯಿತು. ಮಳೆ ಸುರಿಯಿತು, ಗಾಳಿ ಬೇಕಾದಷ್ಟು ಎಳೆಯಿತು. ಗೂಡು ತೂಗಿತು. ಒಳಗೆ ಮೊಟ್ಟೆಗಳು ಬೆಚ್ಚಗಿದ್ದವು.

ಈಗಲೂ ಗೀಜಗನ ಮರದಲ್ಲಿ, ಮರಿಗಳಿರುವ ಗೂಡಿನ ಪಕ್ಕದಲ್ಲೇ ಅರ್ಧ ಗೂಡುಗಳೂ ಬರೀ ಗಂಟುಗಳೂ ನೇತಾಡುತ್ತಿರುತ್ತವೆ. ಹಾಳು ಗೂಡೆಂದು ಅವನ್ನು ಕೀಳಬೇಡ, ಮಗೂ. ಮರಿಗಳು ಬೀಳದಿರಲೆಂದು ಅಪ್ಪ ಗಂಟು ಕಲಿತದ್ದು ಅವುಗಳಲ್ಲೇ.